ಒಂದೇ ಸಿಮ್, ನಲವತ್ತು ಫೋನ್: ವೈಫೈ ಮೇಲಿನ ಡೇಟಾ ಹೊರೆ ಇಳಿಸಲು ಕ್ಯಾಶ್ (ಡೇಟಾ ದಾಸ್ತಾನು) ಕಟ್ಟುವ ಕ್ರಮ

"ಸರ್, ಕ್ಯಾಶ್ ಸರ್ವರ್ ಹಾಕೀವ್ರಿ. ಆದ್ರೂ ಮಧ್ಯಾಹ್ನ ಆಗೋದ್ರೊಳಗ ಡೇಟಾ ಖಾಲಿ ಆಗ್ತದ." ಸಿಂದಗಿ, ಬೀಳಗಿ, ಅಥಣಿ ಕಡೆಯಿಂದ ಈ ಮಾತು ನನಗೆ ಪದೇ ಪದೇ ಕೇಳಿಬರುತ್ತದೆ. ಹೇಳುವವರು ಹಾಸ್ಟೆಲ್ ನಡೆಸುವವರು, ಪರೀಕ್ಷೆಗೆ ಓದುವ ಹುಡುಗರಿಗಾಗಿ ಓದುವ ಕೋಣೆ ಇಟ್ಟವರು, ಕಂಪ್ಯೂಟರ್ ಕ್ಲಾಸ್ ಇರುವವರು. ಹೋಗಿ ನೋಡಿದರೆ ಯಂತ್ರ ಚೆನ್ನಾಗಿಯೇ ಇರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಡೇಟಾ ಎಲ್ಲಿ ಹೋಗುತ್ತಿದೆ ಎಂದು ನೋಡುವ ಮೊದಲೇ ಸರ್ವರ್ ಕೂಡಿಸಿರುತ್ತಾರೆ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಒಂದು 4ಜಿ ಅಥವಾ 5ಜಿ ರೌಟರ್, ಅದರಲ್ಲಿ ಒಂದು ಸಿಮ್, 20ರಿಂದ 40 ಫೋನ್, ಜೊತೆಗೆ ಕೆಲವು ವಿಂಡೋಸ್ ಕಂಪ್ಯೂಟರ್. ಇಷ್ಟು ಇರುವ ಜಾಗಕ್ಕೆ ಈ ಮಾರ್ಗದರ್ಶಿ. ಕಮಾಂಡ್ ಬರೆಯುವ ಕೆಲಸ ಎಲ್ಲೂ ಇಲ್ಲ. ಎಲ್ಲವನ್ನೂ ಮೆನು ಒತ್ತಿಯೇ ಮಾಡಬಹುದು.

ಮೊದಲು ಇದು ತಿಳಿದಿರಲಿ: ಯಾವುದು ಉಳಿಯುತ್ತದೆ, ಯಾವುದು ಉಳಿಯಲ್ಲ

ಒಮ್ಮೆ ಹೊರಗಿನಿಂದ ತಂದದ್ದನ್ನು ಹತ್ತಿರದಲ್ಲೇ ಇಟ್ಟುಕೊಂಡು, ಮತ್ತೆ ಕೇಳಿದವರಿಗೆ ಅಲ್ಲಿಂದಲೇ ಕೊಡುವುದು. ಕ್ಯಾಶ್ ಅಂದರೆ ಇಷ್ಟೇ. 60 ಎಂಬಿಯ ಒಂದು ಪಿಡಿಎಫ್ ಅನ್ನು 40 ಜನ ಬೇರೆ ಬೇರೆಯಾಗಿ ಇಳಿಸಿಕೊಂಡರೆ 2,400 ಎಂಬಿ ಹೋಯಿತು. ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದರೆ ಆ ಒಂದು ಫೈಲಿಗೇ ಮುಗಿಯಿತು. ಅದೇ ಫೈಲನ್ನು ಒಮ್ಮೆ ತಂದು ಒಳಗಿನಿಂದ ಹಂಚಿದರೆ ಸಿಮ್‌ನಿಂದ ಹೋಗುವುದು 60 ಎಂಬಿ ಮಾತ್ರ. ಕೋಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುವ ಪ್ಯಾಕ್‌ಗಳೇ ಜಾಸ್ತಿ. ಆ ವೇಗದಲ್ಲಿ 60 ಎಂಬಿ ಬರಲು ಎರಡು ತಾಸಿನ ಮೇಲಾಗುತ್ತದೆ.

ಆದರೆ ಎಲ್ಲವನ್ನೂ ಹೀಗೆ ಕೂಡಿಡಲು ಆಗುವುದಿಲ್ಲ. ನಮ್ಮ ಅಡುಗೆಮನೆಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಕಟಕ ರೊಟ್ಟಿ ಮಾಡಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಉಳಿಯುತ್ತದೆ, ಯಾರು ಬಂದರೂ ಅದನ್ನೇ ಕೊಡಬಹುದು. ಪಲ್ಯ ಹಾಗಲ್ಲ, ಅವತ್ತಿನದು ಅವತ್ತಿಗೆ. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ವಿಕಿಪೀಡಿಯ, ವಿಂಡೋಸ್ ಅಪ್‌ಡೇಟ್, ಪಾಠದ ವಿಡಿಯೋ ಇವೆಲ್ಲ ರೊಟ್ಟಿ. ವಾಟ್ಸ್‌ಆಪ್ ಸಂದೇಶ, ಯುಪಿಐ, ಬ್ಯಾಂಕ್, ವಿಡಿಯೋ ಕಾಲ್, ಇನ್‌ಸ್ಟಾಗ್ರಾಂ ಇವೆಲ್ಲ ಪಲ್ಯ. ಯೂಟ್ಯೂಬ್ ನೋಡಲು ರೊಟ್ಟಿಯ ಹಾಗೆ ಕಂಡರೂ, ದಾರಿಯಲ್ಲಿ ನಿಲ್ಲಿಸಿ ಕೂಡಿಡುವ ವಿಷಯದಲ್ಲಿ ಅದೂ ಪಲ್ಯವೇ. ಫೋನಿನಿಂದ ಅದರ ಸರ್ವರ್‌ವರೆಗೆ ಎಲ್ಲವೂ ಬೀಗ ಹಾಕಿಕೊಂಡೇ ಹೋಗುತ್ತದೆ. ನಡುವೆ ಕೂತ ನಿಮ್ಮ ಯಂತ್ರಕ್ಕೆ ಒಳಗೇನಿದೆ ಅಂತ ಕಾಣುವುದೇ ಇಲ್ಲ.

ಪ್ರಾಕ್ಸಿ ಹಾಕಿ ಸೋತವರ ಕಥೆ ಇದೇ

ಪ್ರಾಕ್ಸಿ ಅಂದರೆ ಫೋನಿಗೂ ಇಂಟರ್‌ನೆಟ್ಟಿಗೂ ನಡುವೆ ಕೂತು ಡೇಟಾ ದಾಟಿಸುವ ತಂತ್ರಾಂಶ. ಸ್ಕ್ವಿಡ್ ಎಂಬ ಪ್ರಾಕ್ಸಿಯನ್ನು ಹಾಕಿ "ಡೇಟಾ ಉಳೀಲಿಲ್ಲ" ಅನ್ನುವವರು ತುಂಬಾ ಜನ. ತಪ್ಪು ಸ್ಕ್ವಿಡ್‌ನದಲ್ಲ. ವೆಬ್ ಪುಟಗಳು ಬೀಗವಿಲ್ಲದೆ ಓಡಾಡುತ್ತಿದ್ದ ಕಾಲದಲ್ಲಿ ಅದು ಚೆನ್ನಾಗಿ ಉಳಿಸುತ್ತಿತ್ತು. ಈಗ ಹೆಚ್ಚುಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್, ಅಂದರೆ ಬೀಗ ಹಾಕಿದ್ದು. ನಿಮ್ಮ ಸ್ಕ್ವಿಡ್ ಲಾಗ್ (ಅದು ಬರೆದಿಡುವ ದಾಖಲೆ) ತೆಗೆದು ನೋಡಿ. ಸಾಲು ಸಾಲಾಗಿ 'ಟಿಸಿಪಿ ಟನಲ್' ಎಂದಿದ್ದರೆ ಡೇಟಾ ಅದರ ಮೂಲಕ ಸುಮ್ನೆ ಹಾದು ಹೋಗುತ್ತಿದೆ, ಏನೂ ಉಳಿಯುತ್ತಿಲ್ಲ ಎಂದರ್ಥ. 'ಹಿಟ್' ಎಂಬ ಪದ ಇರುವ ಸಾಲುಗಳು ಮಾತ್ರ ನಿಮ್ಮ ಉಳಿತಾಯ.

ಕೆಲವರು ಇದಕ್ಕೆ ಪರಿಹಾರವೆಂದು ಎಲ್ಲರ ಫೋನಿಗೂ ತಮ್ಮದೇ ಸರ್ಟಿಫಿಕೇಟ್ (ಫೋನ್ ನಿಮ್ಮ ಯಂತ್ರವನ್ನು ನಂಬುವಂತೆ ಮಾಡುವ ಫೈಲ್) ಹಾಕಿ ಬೀಗ ತೆಗೆಯಲು ನೋಡುತ್ತಾರೆ. ಇದನ್ನು ಮಾಡಲೇಬೇಡಿ. ಮಕ್ಕಳ ಪಾಸ್‌ವರ್ಡ್, ಬ್ಯಾಂಕ್ ವಿವರ ಎಲ್ಲ ನಿಮ್ಮ ಯಂತ್ರದಲ್ಲಿ ತೆರೆದು ಬೀಳುತ್ತವೆ. ಆ ಯಂತ್ರ ಬೇರೆಯವರ ಕೈಗೆ ಸಿಕ್ಕರೆ ಮುಗಿಯಿತು. ಅಷ್ಟು ಅಪಾಯ ಕಟ್ಟಿಕೊಂಡರೂ ಕೆಲಸ ಆಗಲ್ಲ. ಆಂಡ್ರಾಯ್ಡ್ 7ರಿಂದ ಈಚೆಗೆ ಹೆಚ್ಚಿನ ಆಪ್‌ಗಳು ಬಳಕೆದಾರರು ಸೇರಿಸಿದ ಸರ್ಟಿಫಿಕೇಟನ್ನು ನಂಬುವುದೇ ಇಲ್ಲ.

ಹಾಗಾಗಿ ದಾರಿ ಬದಲಿಸಬೇಕು. ಹರಿಯುವ ಡೇಟಾವನ್ನು ನಡುವೆ ಹಿಡಿಯಲು ಹೋಗಬೇಡಿ. ಜನ ಕೇಳುವುದನ್ನು ಮೊದಲೇ ತಂದು ಒಳಗಿಡಿ, ಅಲ್ಲಿಗೆ ಅವರನ್ನು ಕರೆತನ್ನಿ.

ಬೇಕಾಗುವ ಸಾಮಾನು

ಸರ್ವರ್ ಆಗಿ ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಸಾಕು. 4 ಜಿಬಿ ರ‍್ಯಾಮ್ ಇರಲಿ, 8 ಇದ್ದರೆ ಒಳ್ಳೆಯದು. ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪೇ ಮೇಲು ಅನ್ನುತ್ತೇನೆ, ಏಕೆಂದರೆ ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದೆಯಾ ಎಂದು ಮಾತ್ರ ಮೊದಲು ನೋಡಿ. ಅಡಿಭಾಗ ಏರಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅದನ್ನು ಬಳಸಲೇಬೇಡಿ. ನಮ್ಮ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಕೋಣೆಯಲ್ಲಿ ಹಗಲು ರಾತ್ರಿ ಚಾರ್ಜಿಗಿಟ್ಟ ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ.

ಹಾರ್ಡ್ ಡಿಸ್ಕ್‌ಗಿಂತ ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗವಿಲ್ಲದ ಡಿಸ್ಕ್) ಇರಲಿ. ಯಾರೋ ಮೇಜು ತಳ್ಳುವುದನ್ನು ಅದು ಚೆನ್ನಾಗಿ ತಡೆಯುತ್ತದೆ. 256 ಜಿಬಿ ಶುರುವಿಗೆ ಸಾಕು. ಲ್ಯಾಪ್‌ಟಾಪಿನಿಂದ ರೌಟರಿಗೆ ಒಂದು ಲ್ಯಾನ್ ಕೇಬಲ್. ರೌಟರಿನಲ್ಲಿ ಒಂದೇ ಲ್ಯಾನ್ ಪೋರ್ಟ್ ಇದ್ದು ಕಂಪ್ಯೂಟರ್‌ಗಳೂ ಇದ್ದರೆ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ). ರೌಟರಿಗೆ ಮಿನಿ ಯುಪಿಎಸ್. ಅದನ್ನು ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ಅಂಗಡಿಗೆ ಹೋಗಿ. 9 ವೋಲ್ಟಿನ ರೌಟರಿಗೆ 12 ವೋಲ್ಟ್ ಕೊಟ್ಟು ಸುಟ್ಟುಕೊಂಡವರಿದ್ದಾರೆ.

ಇವುಗಳ ಜೊತೆ ಒಂದು ನೋಟ್‌ಬುಕ್ ಇಡಿ. ಅದು ಯಾಕೆ ಅನ್ನುವುದು ಮುಂದಿನ ಹಂತದಲ್ಲಿದೆ.

ಹಂತ 1: ಮೂರು ದಿನ ಅಳೆಯಿರಿ, ಏನೂ ಬದಲಿಸಬೇಡಿ

ಎಲ್ಲರೂ ಬಿಟ್ಟುಬಿಡುವುದು ಈ ಹಂತವನ್ನೇ. ನನಗೆ ಕೇಳಿದರೆ ಅರ್ಧ ಕೆಲಸ ಇದೇ.

ರೌಟರಿನ ಅಡ್ಮಿನ್ ಪುಟ (ಅದರ ಸೆಟ್ಟಿಂಗ್ಸ್ ಇರುವ ಪುಟ) ತೆರೆಯಿರಿ. ಬಹಳಷ್ಟು ರೌಟರ್‌ಗಳಲ್ಲಿ 'ಸ್ಟ್ಯಾಟಿಸ್ಟಿಕ್ಸ್' ಅಥವಾ 'ಡೇಟಾ ಯೂಸೇಜ್' ಎಂಬ ಜಾಗ ಇರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಲ್ಲಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ವಿಂಡೋಸ್ ಕಂಪ್ಯೂಟರಿನಲ್ಲೂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ 'ಡೇಟಾ ಯೂಸೇಜ್' ಇದೆ. ಯಾವ ಪ್ರೋಗ್ರಾಂ ಎಷ್ಟು ತಿಂದಿತು ಎಂದು ಅದು ಹೇಳುತ್ತದೆ. ಹುಡುಗರಲ್ಲಿ ನಾಲ್ಕೈದು ಜನರನ್ನು ಕೇಳಿ, ಅವರ ಫೋನಿನ ವೈಫೈ ಬಳಕೆಯ ಪಟ್ಟಿಯನ್ನು ಅವರಿಂದಲೇ ತೋರಿಸಿಕೊಳ್ಳಿ. ಬೈಯಬೇಡಿ. ಬೈದರೆ ನಾಳೆ ಯಾರೂ ನಿಜ ಹೇಳಲ್ಲ.

ಮೂರನೇ ದಿನದ ಹೊತ್ತಿಗೆ ಪುಟವನ್ನು ಎರಡು ಕಾಲಂ ಮಾಡಿ. ಒಂದರಲ್ಲಿ 'ಇಬ್ಬರಿಗಿಂತ ಜಾಸ್ತಿ ಜನ ತರಿಸಿಕೊಂಡ ಅದೇ ವಸ್ತು'. ಇನ್ನೊಂದರಲ್ಲಿ 'ಒಬ್ಬೊಬ್ಬರದು ಬೇರೆ ಬೇರೆ'. ಕ್ಯಾಶ್‌ನಿಂದ ಉಳಿಯುವುದು ಮೊದಲ ಕಾಲಂ ಮಾತ್ರ. ಆ ಪಟ್ಟಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ತುಂಬಾ ಜನ ಕೇಳುವುದು ಕೆಲವೇ ವಸ್ತುಗಳನ್ನು. ಹತ್ತಿಪ್ಪತ್ತು ಫೈಲ್‌ಗಳು ದೊಡ್ಡ ಪಾಲು ಹೊತ್ತಿರುತ್ತವೆ. ಹೀಗಾಗಿ ಚಿಕ್ಕ ಡಿಸ್ಕ್ ಇದ್ದರೂ ದೊಡ್ಡ ಲಾಭ ಸಿಗುತ್ತದೆ.

ಎಚ್ಚರಿಕೆಯ ಲಕ್ಷಣ: ಎರಡನೇ ಕಾಲಮ್ಮೇ ಮುಕ್ಕಾಲು ಪಾಲು ಇದ್ದರೆ, ಅಂದರೆ ರೀಲ್ಸ್ ಮತ್ತು ಯೂಟ್ಯೂಬೇ ಎಲ್ಲ ತಿನ್ನುತ್ತಿದ್ದರೆ, ಈ ಸರ್ವರ್ ಕಟ್ಟಿ ನಿಮಗೆ ಪ್ರಯೋಜನ ಕಡಿಮೆ. ಆಗ ನೇರವಾಗಿ ಹಂತ 6 ಓದಿ.

ಹಂತ 2: ರೌಟರ್ ಸಿದ್ಧಪಡಿಸಿ

ಮೊದಲ ಕೆಲಸ, ಲ್ಯಾಪ್‌ಟಾಪನ್ನು ಕೇಬಲಿನಿಂದ ರೌಟರಿಗೆ ಸೇರಿಸುವುದು. "ವೈಫೈ ಇದೆಯಲ್ಲ, ಕೇಬಲ್ ಯಾಕೆ?" ಎಂದು ಕೇಳುತ್ತಾರೆ. ಸರ್ವರ್ ವೈಫೈಯಲ್ಲಿದ್ದರೆ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಓಡಬೇಕು: ಸರ್ವರ್‌ನಿಂದ ರೌಟರಿಗೆ ಒಮ್ಮೆ, ರೌಟರ್‌ನಿಂದ ಫೋನಿಗೆ ಇನ್ನೊಮ್ಮೆ. ಎರಡೂ ಒಂದೇ ಚಾನಲ್ಲಿನಲ್ಲಿ. ವೇಗ ಅರ್ಧಕ್ಕರ್ಧ ಬೀಳುತ್ತದೆ. ಸಿಮ್ ಡೇಟಾ ಉಳಿಸಲು ಹೋಗಿ ವೈಫೈಯನ್ನೇ ಕಟ್ಟಿಹಾಕಿದ ಹಾಗಾಗುತ್ತದೆ.

ಎರಡನೆಯದು, ಲ್ಯಾಪ್‌ಟಾಪಿಗೆ ಬದಲಾಗದ ವಿಳಾಸ ಕೊಡುವುದು. ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಎಂಬುದಿರುತ್ತದೆ. ಅಲ್ಲಿ ಲ್ಯಾಪ್‌ಟಾಪನ್ನು ಆರಿಸಿ, ಉದಾಹರಣೆಗೆ 192.168.1.10 ಎಂದು ಕಟ್ಟಿಬಿಡಿ. ನಿಮ್ಮ ರೌಟರಿನ ಮೊದಲ ಮೂರು ಅಂಕಿ ಬೇರೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದ ದಿನ ವಿಳಾಸ ಬದಲಾಗುತ್ತದೆ, ಗೋಡೆಗೆ ಅಂಟಿಸಿದ ಚೀಟಿ ಸುಳ್ಳಾಗುತ್ತದೆ.

ಮೂರನೆಯದು, 'ಎಪಿ ಐಸೊಲೇಶನ್' ಅಥವಾ 'ಕ್ಲೈಂಟ್ ಐಸೊಲೇಶನ್' ಆನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಇದು ವೈಫೈಯಲ್ಲಿರುವ ಒಂದು ಸಾಧನ ಇನ್ನೊಂದನ್ನು ಮುಟ್ಟದಂತೆ ತಡೆಯುತ್ತದೆ. ಗೆಸ್ಟ್ ವೈಫೈಯಲ್ಲಂತೂ ಒಳಗಿನ ಸರ್ವರ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹುಡುಗರಿಗೆಲ್ಲ ಗೆಸ್ಟ್ ಪಾಸ್‌ವರ್ಡ್ ಕೊಟ್ಟು "ಸರ್ವರ್ ಓಪನ್ ಆಗ್ತಿಲ್ಲ" ಎಂದು ಎರಡು ದಿನ ತಲೆ ಕೆಡಿಸಿಕೊಂಡ ಒಂದು ಹಾಸ್ಟೆಲನ್ನು ನಾನೇ ನೋಡಿದ್ದೇನೆ.

ಇನ್ನು ಗೋಡೆಗಳ ವಿಷಯ. ಬಾಗಲಕೋಟೆ, ಬಾದಾಮಿ ಕಡೆಯ ಹಳೆಯ ಕಟ್ಟಡಗಳ ಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ಅಷ್ಟಾಗಿ ದಾಟುವುದಿಲ್ಲ. ರೌಟರ್ ಇರುವ ಕೋಣೆಗೆ 5, ಪಕ್ಕದ ಕೋಣೆಗೆ 2.4 ಎಂದು ಇಟ್ಟುಕೊಳ್ಳಿ. 2.4ರಲ್ಲಿ ಚಾನಲ್ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ, ಇವು ಒಂದರ ಮೇಲೊಂದು ಬೀಳುವುದಿಲ್ಲ. 40 ಫೋನ್ ಒಟ್ಟಿಗೆ ಬಂದರೆ ಮನೆಗೆಂದು ಮಾಡಿದ ರೌಟರ್ ಏದುಸಿರು ಬಿಡುತ್ತದೆ. ಎರಡನೇ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಹಾಕಿ, ಅದನ್ನೂ ಕೇಬಲಿನಲ್ಲೇ ಸೇರಿಸಿ.

ಹಂತ 3: ಲ್ಯಾಪ್‌ಟಾಪ್ ಮಲಗದಂತೆ ಮಾಡಿ

ಪವರ್ ಸೆಟ್ಟಿಂಗ್ಸ್‌ನಲ್ಲಿ ಚಾರ್ಜರ್ ಹಾಕಿದಾಗ 'ಸ್ಲೀಪ್' ಎಂಬುದನ್ನು 'ನೆವರ್' ಮಾಡಿ. ಮುಚ್ಚಳ ಮುಚ್ಚಿದಾಗ 'ಡೂ ನಥಿಂಗ್' ಎಂದಿರಲಿ. ಆದರೂ ಮುಚ್ಚಳ ತೆರೆದೇ ಇಡುವುದು ಒಳ್ಳೆಯದು, ಬಿಸಿ ಹೊರಗೆ ಹೋಗುತ್ತದೆ.

ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಈ ಕೇಬಲ್ ಜಾಲವನ್ನು 'ಪ್ರೈವೇಟ್' ಎಂದು ಗುರುತು ಮಾಡಿ. 'ಪಬ್ಲಿಕ್' ಎಂದಿದ್ದರೆ ವಿಂಡೋಸ್ ಫೈರ್‌ವಾಲ್ ಹೊರಗಿನ ಫೋನ್‌ಗಳಿಗೆ ಬಾಗಿಲು ತೆರೆಯುವುದಿಲ್ಲ. ಮುಂದಿನ ಹಂತದಲ್ಲಿ ಪ್ರೋಗ್ರಾಂ ಮೊದಲ ಸಲ ಶುರುವಾದಾಗ ಫೈರ್‌ವಾಲ್ ಒಂದು ಪ್ರಶ್ನೆ ಕೇಳುತ್ತದೆ. ಅಲ್ಲಿ 'ಪ್ರೈವೇಟ್ ನೆಟ್‌ವರ್ಕ್ಸ್' ಟಿಕ್ ಮಾಡಿ 'ಅಲೋ' ಒತ್ತಿ. ಗಡಿಬಿಡಿಯಲ್ಲಿ 'ಕ್ಯಾನ್ಸಲ್' ಒತ್ತಿದರೆ ಆ ಪ್ರೋಗ್ರಾಂಗೆ ತಡೆ ಬಿದ್ದು ಹಾಗೇ ಉಳಿಯುತ್ತದೆ, ಪ್ರಶ್ನೆ ಮತ್ತೆ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯುತ್ತದೆ, ಫೋನಿನಲ್ಲಿ ತೆರೆಯುವುದಿಲ್ಲ ಎಂದರೆ ನೂರಕ್ಕೆ ತೊಂಬತ್ತು ಇದೇ ಕಾರಣ. ಫೈರ್‌ವಾಲ್‌ನ 'ಅಲೋ ಆ್ಯನ್ ಆಪ್' ಪಟ್ಟಿಗೆ ಹೋಗಿ ಸರಿಪಡಿಸಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವ ಚಾಳಿ ಬೇಡ.

ಹಂತ 4: ತುಂಬಿಸಿ, ಆದರೆ ಪಟ್ಟಿ ನೋಡಿ ತುಂಬಿಸಿ

ನೋಟ್‌ಬುಕ್ಕಿನ ಮೊದಲ ಕಾಲಂ ಈಗ ಕೆಲಸಕ್ಕೆ ಬರುತ್ತದೆ.

ವಿಕಿಪೀಡಿಯಕ್ಕೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಇದೆ. ಇಡೀ ವಿಕಿಪೀಡಿಯವನ್ನು ಒಂದೇ ಜಿಮ್ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಅದರ ಪಟ್ಟಿಯಲ್ಲಿ ಭಾಷೆ ಕನ್ನಡ ಆರಿಸಿ. ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷಿನದು ಚಿತ್ರಗಳ ಸಮೇತ 100 ಜಿಬಿಗೂ ಹೆಚ್ಚು. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಅದನ್ನು ತರಲು 50 ದಿನಕ್ಕೂ ಹೆಚ್ಚು ಬೇಕು! ಅದಕ್ಕೆ 'ನೊಪಿಕ್' ಅಂದರೆ ಚಿತ್ರವಿಲ್ಲದ್ದು, 'ಮಿನಿ' ಅಂದರೆ ಲೇಖನದ ಮೊದಲ ಭಾಗ ಮಾತ್ರ ಇರುವುದು ಎಂಬ ಚಿಕ್ಕ ಪ್ರತಿಗಳಿವೆ. ಫೈಲ್ ಬಂದ ಮೇಲೆ ಕಿವಿಕ್ಸ್ ಮೆನುವಿನಲ್ಲಿ 'ಲೋಕಲ್ ಕಿವಿಕ್ಸ್ ಸರ್ವರ್' ತೆರೆದು ಶುರು ಮಾಡಿ. ಅದು ತೋರಿಸುವ ವಿಳಾಸ ಮತ್ತು ಪೋರ್ಟ್ ಸಂಖ್ಯೆ (ವಿಳಾಸದ ಕೊನೆಗೆ ಸೇರುವ ಅಂಕಿ) ಬರೆದುಕೊಳ್ಳಿ. ಕಿವಿಕ್ಸ್ ಕಿಟಕಿಯನ್ನು ಮುಚ್ಚಬೇಡಿ.

ಪಿಡಿಎಫ್‌ಗಳಿಗೆ ಎಚ್‌ಎಫ್‌ಎಸ್ ಎಂಬ ಫೈಲ್ ಹಂಚುವ ಉಚಿತ ತಂತ್ರಾಂಶ ಸಾಕು. ಫೋಲ್ಡರನ್ನು ಅದರಲ್ಲಿ ಸೇರಿಸಿದರೆ ಫೋನಿನ ಬ್ರೌಸರ್‌ನಲ್ಲಿ ಪಟ್ಟಿ ಕಾಣುತ್ತದೆ. 3ನೇ ಆವೃತ್ತಿಯನ್ನೇ ಹಾಕಿ. ಹಳೆಯ 2.3ರಲ್ಲಿ ಹೊರಗಿನವರು ಒಳನುಗ್ಗಬಹುದಾದ ದೊಡ್ಡ ತೂತು ಇದೆ, ಅದಕ್ಕೆ ದುರಸ್ತಿಯೂ ಬಂದಿಲ್ಲ. ಈಗಲೂ ಪೆನ್ ಡ್ರೈವಿನಲ್ಲಿ ಅದೇ ಹಳೆಯದನ್ನು ಹಂಚುವವರಿದ್ದಾರೆ. ಅಪ್‌ಲೋಡ್ ಅನುಮತಿ ಯಾರಿಗೂ ಕೊಡಬೇಡಿ.

ಫೋಲ್ಡರಿನಲ್ಲಿ ಏನಿರಬೇಕು? ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ಎನ್‌ಸಿಇಆರ್‌ಟಿ ಉಚಿತವಾಗಿ ಕೊಟ್ಟಿರುವ ಪುಸ್ತಕಗಳು, ಕೆಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆ, ಪಠ್ಯಕ್ರಮ, ನಿಮ್ಮ ಮೇಷ್ಟ್ರು ಬರೆದ ನೋಟ್ಸ್, ಎಲ್ಲರ ಫೋನಿಗೂ ಬೇಕಾಗುವ ಫಾರ್ಮ್. ದುಡ್ಡು ಕೊಟ್ಟು ಕೊಂಡ ಕೋಚಿಂಗ್ ವಿಡಿಯೋಗಳನ್ನು ಇಲ್ಲಿ ಹಾಕಬೇಡಿ. ಅದನ್ನು ಮಾಡಿದವರ ದುಡಿಮೆ ಅದು, ಹಂಚುವ ಹಕ್ಕು ನಮಗಿಲ್ಲ.

ವಿಡಿಯೋ ಪಾಠ ಬೇಕಾದವರು ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ನೋಡಿ. ಇಡೀ ಚಾನಲ್ ಇಳಿಸಬೇಡಿ, ಬೇಕಾದ ಪಾಠಗಳಿಗೆ ಮಾತ್ರ ಟಿಕ್ ಹಾಕಿ. ಕಿವಿಕ್ಸ್ ಮತ್ತು ಕೊಲಿಬ್ರಿ ಎರಡೂ 8080 ಪೋರ್ಟನ್ನೇ ಕೇಳುವುದುಂಟು. ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿ ಒಂದು ಎದ್ದು ಇನ್ನೊಂದು ಏಳದಿದ್ದರೆ, ಒಂದರ ಪೋರ್ಟನ್ನು 8081 ಮಾಡಿ.

ತುಂಬುವ ಹೊತ್ತು ಯಾವುದು ಅನ್ನುವುದೂ ಮುಖ್ಯ. ಹೆಚ್ಚಿನ ಪ್ಯಾಕ್‌ಗಳಲ್ಲಿ ದಿನದ ಕೋಟಾ ರಾತ್ರಿ 12ಕ್ಕೆ ಹೊಸದಾಗುತ್ತದೆ, ಅವತ್ತು ಉಳಿದದ್ದು ವ್ಯರ್ಥ. ಹಾಗಾಗಿ ರಾತ್ರಿ ಹತ್ತೂವರೆಗೆ ನೋಡಿ, ಎಷ್ಟು ಉಳಿದಿದೆಯೋ ಅಷ್ಟಕ್ಕೆ ಇಳಿಸಲು ಹಚ್ಚಿ, 12ರೊಳಗೆ ನಿಲ್ಲಿಸಿ. ನಿಲ್ಲಿಸಿ ಮತ್ತೆ ಮುಂದುವರಿಸಲು ಬರುವ ಡೌನ್‌ಲೋಡ್ ಮ್ಯಾನೇಜರ್ ಇರಲಿ. ಇಲ್ಲದಿದ್ದರೆ ಮರುದಿನ ಮೊದಲಿನಿಂದ ಶುರುವಾಗಿ, ಉಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ ಆಗುತ್ತದೆ.

ದೊಡ್ಡ ಫೈಲಿಗೆ ಇನ್ನೂ ಒಳ್ಳೆಯ ದಾರಿ ಇದೆ. ವಿಜಯಪುರದಲ್ಲೋ ಬೆಳಗಾವಿಯಲ್ಲೋ ಫೈಬರ್ ಇರುವ ಪರಿಚಯದವರ ಮನೆಯಲ್ಲಿ ಹಾರ್ಡ್ ಡಿಸ್ಕಿಗೆ ತುಂಬಿಸಿ, ಬಸ್ಸಿನಲ್ಲಿ ತನ್ನಿ. ಸಿಮ್‌ನಿಂದ ಒಂದು ಎಂಬಿಯೂ ಹೋಗುವುದಿಲ್ಲ. ಹೀಗೆ ತರುವಾಗ ಒಂದು ಎಚ್ಚರ: ಪೆನ್ ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಜಾಗ ಎಷ್ಟು ಖಾಲಿ ಇದ್ದರೂ 'ಫೈಲ್ ಟೂ ಲಾರ್ಜ್' ಎನ್ನುತ್ತದೆ. ಹೊರಡುವ ಮೊದಲೇ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ.

ಹಂತ 5: ವಿಂಡೋಸ್ ಅಪ್‌ಡೇಟ್ ಒಂದೇ ಸಲ ಬರಲಿ

ಇಳಕಲ್ಲಿನ ಒಂದು ಕಂಪ್ಯೂಟರ್ ಕ್ಲಾಸ್‌ನವರು "ತಿಂಗಳಿಗೆ ಒಂದು ಬುಧವಾರ ಮಾತ್ರ ನೆಟ್ ಸತ್ತೇ ಹೋಗ್ತದ" ಎಂದಾಗ ನನಗೆ ಕೂಡಲೇ ಹೊಳೆಯಿತು. ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ. ಅಮೆರಿಕದಲ್ಲಿ ಬೆಳಿಗ್ಗೆ ಆದಾಗ ನಮಗೆ ರಾತ್ರಿ. ಮರುದಿನ ಬೆಳಿಗ್ಗೆ ಲ್ಯಾಬಿನ ಕಂಪ್ಯೂಟರ್‌ಗಳನ್ನು ಆನ್ ಮಾಡುತ್ತಿದ್ದಂತೆ ಎಲ್ಲವೂ ಒಟ್ಟಿಗೆ ಅದನ್ನು ಇಳಿಸಲು ಹತ್ತುತ್ತವೆ. ಒಂದು ಅಪ್‌ಡೇಟ್ 700 ಎಂಬಿ ಎಂದುಕೊಂಡರೆ 20 ಕಂಪ್ಯೂಟರಿಗೆ 14 ಜಿಬಿ.

ಇದಕ್ಕೆ ಬೇರೆ ತಂತ್ರಾಂಶ ಬೇಡ, ವಿಂಡೋಸ್‌ನಲ್ಲೇ ಇದೆ. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಶನ್. ಅಲ್ಲಿ ಬೇರೆ ಸಾಧನಗಳಿಂದ ಇಳಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ, 'ಡಿವೈಸಸ್ ಆನ್ ಮೈ ಲೋಕಲ್ ನೆಟ್‌ವರ್ಕ್' ಎಂಬುದನ್ನೇ ಆರಿಸಿ. ಇಂಟರ್‌ನೆಟ್ ಎಂಬ ಪದವೂ ಸೇರಿರುವ ಇನ್ನೊಂದು ಆಯ್ಕೆ ಇದೆ. ಅದನ್ನು ಆರಿಸಿದರೆ ನಿಮ್ಮ ಸಿಮ್ ಡೇಟಾದಲ್ಲಿ ಯಾರೋ ಗುರುತಿಲ್ಲದವರಿಗೆ ಅಪ್‌ಡೇಟ್ ಹಂಚಿದ ಹಾಗೆ. ಪ್ರತಿ ಕಂಪ್ಯೂಟರಿನಲ್ಲೂ ಇದನ್ನು ಮಾಡಬೇಕು.

ನಂತರ ಎರಡನೇ ಮಂಗಳವಾರ ಕಳೆದ ಬುಧವಾರ ಬೆಳಿಗ್ಗೆ ಒಂದೇ ಕಂಪ್ಯೂಟರ್ ಆನ್ ಮಾಡಿ. ಅದು ಅಪ್‌ಡೇಟ್ ಪೂರ್ತಿ ಇಳಿಸಿಕೊಳ್ಳಲಿ. ಅದನ್ನು ಆನ್ ಇಟ್ಟೇ ಉಳಿದವನ್ನು ನಾಲ್ಕೈದರಂತೆ ಆನ್ ಮಾಡುತ್ತಾ ಹೋಗಿ. ಆ ಪ್ರತಿಯನ್ನು ವಿಂಡೋಸ್ ಸಾಮಾನ್ಯವಾಗಿ ಮೂರು ದಿನ ಇಟ್ಟುಕೊಂಡಿರುತ್ತದೆ. ಮುಂದಿನ ವಾರ ನೋಡೋಣ ಎಂದರೆ ಮತ್ತೆ ಹೊರಗಿನಿಂದಲೇ ಬರುತ್ತದೆ. ಡೆಲಿವರಿ ಆಪ್ಟಿಮೈಸೇಶನ್ ಒಳಗೆ 'ಆಕ್ಟಿವಿಟಿ ಮಾನಿಟರ್' ಇದೆ. ಒಳಗಿನ ಕಂಪ್ಯೂಟರ್‌ಗಳಿಂದ ಶೇಕಡಾ ಎಷ್ಟು ಬಂತು ಎಂದು ಅದು ತೋರಿಸುತ್ತದೆ.

ಅಲ್ಲಿ ಸೊನ್ನೆಯೇ ಕಾಣುತ್ತಿದ್ದರೆ ಮೂರು ಕಡೆ ನೋಡಿ. ಡೇಟಾ ಉಳಿಸಲೆಂದು ಜಾಲವನ್ನು 'ಮೀಟರ್ಡ್' ಎಂದು ಗುರುತು ಮಾಡಿದ್ದೀರಾ? ಹಾಗಿದ್ದರೆ ಹಂಚಿಕೆ ನಿಂತಿರುತ್ತದೆ, ಅದನ್ನು ತೆಗೆಯಿರಿ. ಕಂಪ್ಯೂಟರಿನಲ್ಲಿ 4 ಜಿಬಿಗಿಂತ ಕಡಿಮೆ ರ‍್ಯಾಮ್ ಇದೆಯಾ? ಅಂಥದ್ದು ಹಂಚಿಕೆಯಲ್ಲಿ ಸೇರುವುದಿಲ್ಲ. ಬೇರೆ ಆ್ಯಂಟಿವೈರಸ್‌ನ ಫೈರ್‌ವಾಲ್ ಇದೆಯಾ? ಅದು 7680 ಪೋರ್ಟ್ ಮುಚ್ಚಿರಬಹುದು.

ಲಿನಕ್ಸ್ ಲ್ಯಾಬ್ ಇದ್ದವರು ಏಪಿಟಿ-ಕ್ಯಾಶರ್-ಎನ್‌ಜಿ ಹಾಕಿಕೊಳ್ಳಿ. ಉಬುಂಟು, ಡೆಬಿಯನ್ ಪ್ಯಾಕೇಜ್‌ಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದೊಂದಕ್ಕೆ ಮಾತ್ರ ಕಮಾಂಡ್ ಬರೆಯಬೇಕಾಗುತ್ತದೆ.

ಹಂತ 6: ಫೋನ್‌ಗಳನ್ನು ದಾರಿಗೆ ತನ್ನಿ

ಸರ್ವರ್ ಇದ್ದೂ ಯಾರೂ ಅಲ್ಲಿಗೆ ಹೋಗದಿದ್ದರೆ ಏನೂ ಉಳಿಯಲ್ಲ, ಅಲ್ವಾ? ವಿಳಾಸವನ್ನು ಕ್ಯೂಆರ್ ಕೋಡ್ ಮಾಡಿ, ದೊಡ್ಡದಾಗಿ ಮುದ್ರಿಸಿ, ಬಾಗಿಲ ಬಳಿ ಮತ್ತು ಪ್ರತಿ ಮೇಜಿಗೆ ಅಂಟಿಸಿ. ವಿಳಾಸದ ಮುಂದೆ ಎಚ್‌ಟಿಟಿಪಿ ಇರಲಿ, ಕೊನೆಗೆ ಎಸ್ ಸೇರಬಾರದು. ಸೇರಿದರೆ ಪುಟ ತೆರೆಯುವುದಿಲ್ಲ. 'ನಾಟ್ ಸೆಕ್ಯೂರ್' ಎಂದು ಬ್ರೌಸರ್ ಹೇಳಿದರೆ ಗಾಬರಿ ಬೇಡ, ನಿಮ್ಮದೇ ಕೋಣೆಯೊಳಗಿನ ಯಂತ್ರ ಅದು. ಪಾಸ್‌ವರ್ಡ್ ಕೇಳುವ ಯಾವುದನ್ನೂ ಮಾತ್ರ ಅಲ್ಲಿ ಇಡಬೇಡಿ.

ವಾಟ್ಸ್‌ಆಪ್ ಗುಂಪಿನಲ್ಲಿ ಫೈಲ್ ಕಳಿಸುವುದನ್ನು ನಿಲ್ಲಿಸಿ, ಅದರ ಒಳಗಿನ ಲಿಂಕ್ ಕಳಿಸಿ. ಗುಂಪಿಗೆ ಹಾಕಿದ 60 ಎಂಬಿ ಫೈಲ್ 40 ಫೋನಿಗೂ ಹೊರಗಿನಿಂದಲೇ ಬರುತ್ತದೆ. ಜೊತೆಗೆ ಎಲ್ಲರ ವಾಟ್ಸ್‌ಆಪ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ'ಕ್ಕೆ ಹೋಗಿ, ವೈಫೈಯಲ್ಲಿ ತಾನಾಗಿ ಇಳಿಯುವುದನ್ನು ಆಫ್ ಮಾಡಿಸಿ. ನಮ್ಮ ರೌಟರ್ ಕೂಡ ಕೋಟಾದಲ್ಲೇ ಓಡುತ್ತಿದೆ ಎಂದು ಆ ಫೋನ್‌ಗಳಿಗೆ ಗೊತ್ತಿರುವುದಿಲ್ಲ. ವೈಫೈ ಸಿಕ್ಕಿತೆಂದರೆ ಬೇಕಾದಷ್ಟು ಎಳೆಯುತ್ತವೆ. ಇದಕ್ಕೆ ಆಂಡ್ರಾಯ್ಡ್ ವೈಫೈ ಸೆಟ್ಟಿಂಗ್ಸ್‌ನಲ್ಲಿ ಈ ಜಾಲವನ್ನು 'ಮೀಟರ್ಡ್' ಎಂದು ಗುರುತಿಸಿ. ಕಂಪ್ಯೂಟರಿನಲ್ಲಿ ಬೇಡ ಎಂದದ್ದು ಫೋನಿನಲ್ಲಿ ಬೇಕು.

ಫೋನ್ ಕ್ಲೀನರ್ ಆಪ್‌ಗಳನ್ನು ತೆಗೆಸಿ. ದಿನಕ್ಕೊಮ್ಮೆ 'ಕ್ಲಿಯರ್ ಕ್ಯಾಶ್' ಒತ್ತುವ ಅಭ್ಯಾಸ ಬಹಳ ಹುಡುಗರಿಗಿದೆ. ಬ್ರೌಸರ್ ಮತ್ತು ಆಪ್‌ಗಳು ಮತ್ತೆ ತರಬಾರದೆಂದು ಇಟ್ಟುಕೊಂಡ ಚಿತ್ರ, ಪುಟಗಳನ್ನು ಅಳಿಸಿ, ಮರುಗಳಿಗೆ ಅವನ್ನೇ ಮತ್ತೆ ತರಿಸಿದ ಹಾಗೆ ಆಗುತ್ತದೆ.

ಇನ್ನು ಯೂಟ್ಯೂಬ್. ಒಂದೇ ಪಾಠವನ್ನು 40 ಜನ ನೋಡಬೇಕಿದ್ದರೆ ಒಂದು ಟಿವಿಯೋ ಪ್ರೊಜೆಕ್ಟರೋ ಹಚ್ಚಿ ಒಟ್ಟಿಗೆ ತೋರಿಸಿ. ಯಾವ ಕ್ಯಾಶ್ ತಂತ್ರಾಂಶವೂ ಇಷ್ಟು ಉಳಿಸಲಾರದು. ಬೀಳಗಿ ಹತ್ತಿರದ ಒಂದು ಹಾಸ್ಟೆಲಿನಲ್ಲಿ ಸಂಜೆ ಏಳಕ್ಕೆ ಹೀಗೆ ಮಾಡಲು ಶುರು ಮಾಡಿದರು. ಪಾಠ ಮುಗಿದ ಮೇಲೆ ಹುಡುಗರು ಅಲ್ಲೇ ಕೂತು ಚರ್ಚೆ ಮಾಡುತ್ತಾರೆ. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಹಂತ 7: ಸಿಮ್ ತೆಗೆದು ಪರೀಕ್ಷಿಸಿ

ರೌಟರಿನ ಪುಟದಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಅಥವಾ ರೌಟರ್ ಬಂದ್ ಮಾಡಿ ಸಿಮ್ಮನ್ನೇ ತೆಗೆದು ಮತ್ತೆ ಆನ್ ಮಾಡಿ. ಈಗ ಫೋನಿನಲ್ಲಿ ಒಳಗಿನ ವಿಳಾಸ ತೆರೆಯಿರಿ. ತೆರೆದರೆ ಅದು ನಿಜವಾಗಿ ಒಳಗಿನಿಂದಲೇ ಬರುತ್ತಿದೆ.

ತೆರೆಯದಿದ್ದರೆ ಮೊದಲು ಫೋನನ್ನು ನೋಡಿ. ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ತಿಳಿದ ಕೂಡಲೇ ಆಂಡ್ರಾಯ್ಡ್ ಫೋನ್ ಸದ್ದಿಲ್ಲದೆ ತನ್ನ ಸಿಮ್ಮಿಗೆ ಹಾರುವುದುಂಟು. ಆಗ ಒಳಗಿನ ಸರ್ವರ್ ಅದಕ್ಕೆ ಕಾಣುವುದಿಲ್ಲ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅಥವಾ 'ಇಂಟರ್‌ನೆಟ್ ಇಲ್ಲ, ಹೀಗೇ ಇರಬೇಕಾ' ಎಂದು ಕೇಳಿದಾಗ ಹೌದು ಅನ್ನಿ.

ಎರಡನೇ ಪರೀಕ್ಷೆಗೆ ಸಿಮ್ ಹಾಕಿ. ರೌಟರಿನ ಅಂಕಿ ಬರೆದುಕೊಂಡು, ಐದು ಫೋನಿನಿಂದ 60 ಎಂಬಿಯ ಅದೇ ಫೈಲನ್ನು ಸರ್ವರ್‌ನಿಂದ ಇಳಿಸಿ. ಆ ಫೋನ್‌ಗಳಲ್ಲಿ ಬೇರೇನೂ ಓಡುತ್ತಿರಬಾರದು. ಅಂಕಿ ಕೆಲವು ಎಂಬಿ ಮಾತ್ರ ಏರಿದರೆ ಸರಿ. 300ರ ಹತ್ತಿರ ಏರಿದರೆ ನೀವು ಕೊಟ್ಟ ಲಿಂಕ್ ಹೊರಗಿನ ವೆಬ್‌ಸೈಟಿನದು.

ಹಂತ 8: ಹಳಸಿದ್ದನ್ನು ತೆಗೆಯಿರಿ

ಕಟಕ ರೊಟ್ಟಿಯೂ ಎಂದಾದರೂ ಹಳಸುತ್ತದೆ. ಪಠ್ಯ ಪರಿಷ್ಕರಣೆಯಾದರೆ ಹಳೆಯ ಪಿಡಿಎಫ್ ಮಕ್ಕಳಿಗೆ ತಪ್ಪು ಕಲಿಸುತ್ತದೆ. ಕ್ಯಾಶ್‌ನ ದೊಡ್ಡ ಅಪಾಯ ಇದೇ. ಪ್ರತಿ ಫೈಲಿನ ಹೆಸರಲ್ಲಿ ತಂದ ತಿಂಗಳು ಮತ್ತು ವರ್ಷ ಇರಲಿ. ಹೊಸದು ಬಂದಾಗ ಹಳೆಯದನ್ನು ಅದೇ ದಿನ ಅಳಿಸಿ. ಎರಡೂ ಪಕ್ಕ ಪಕ್ಕ ಇದ್ದರೆ ಅರ್ಧ ಹುಡುಗರು ಹಳೆಯದನ್ನೇ ಓದಿರುತ್ತಾರೆ. ಪರೀಕ್ಷೆಯ ದಿನಾಂಕ, ಅಧಿಸೂಚನೆ, ಫಲಿತಾಂಶ ಇವನ್ನು ಸರ್ವರ್‌ನಲ್ಲಿ ಇಡಲೇಬೇಡಿ. ಅವು ಪಲ್ಯ, ನೇರವಾಗಿ ಮೂಲದಲ್ಲೇ ನೋಡಬೇಕು.

ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನ ಗಾಳಿ ಕಿಂಡಿಯ ಧೂಳು ಒರೆಸಿ. ಡಿಸ್ಕ್ ಹತ್ತರಲ್ಲಿ ಒಂಬತ್ತು ಪಾಲು ತುಂಬುವ ಮೊದಲೇ ಯಾರೂ ತೆರೆಯದ ಫೈಲ್‌ಗಳನ್ನು ಹೊರಗೆ ಹಾಕಿ. ಮೂರು ತಿಂಗಳಿಗೊಮ್ಮೆ ಹಂತ 1ರ ಅಳತೆಯನ್ನು ಮತ್ತೆ ಒಂದು ದಿನ ಮಾಡಿ. ಜೂನ್‌ನಲ್ಲಿ ಕೇಳಿದ್ದನ್ನು ಜನ ಡಿಸೆಂಬರ್‌ನಲ್ಲಿ ಕೇಳುವುದಿಲ್ಲ. ನೋಟ್‌ಬುಕ್ಕಿನ ಹಳೆಯ ಅಂಕಿಯ ಪಕ್ಕದಲ್ಲೇ ಹೊಸದನ್ನು ಬರೆಯಿರಿ, ಮತ್ತು ಆ ನೋಟ್‌ಬುಕ್ ಸರ್ವರ್ ಪಕ್ಕದಲ್ಲೇ ಇರಲಿ. ಮುಂದೆ ಅದನ್ನು ನೋಡಿಕೊಳ್ಳುವವರು ನೀವಲ್ಲದೆ ಬೇರೆ ಯಾರಾದರೂ ಇರಬಹುದು.